ಕಾಯಕದ ನಕಾಶೆ: ಸಗರನಾಡಿನ ಕೈಗಳೂ ಉಪಕರಣಗಳೂ

ಒಂದು ನಾಡಿನ ಸಂಪತ್ತನ್ನು ಅಳೆಯುವಾಗ ಅಲ್ಲಿನ ಮಳೆ, ಬೆಳೆ, ನದಿ, ಗಣಿಗಳನ್ನು ಲೆಕ್ಕ ಹಾಕುವುದು ರೂಢಿ. ಯಾದಗಿರಿ ಜಿಲ್ಲೆಯನ್ನು ಕುರಿತು ಬರೆಯುವವರು ಕೃಷ್ಣಾ ಮತ್ತು ಭೀಮಾ ನದಿಗಳನ್ನು, ನಾರಾಯಣಪುರದ ಬಸವಸಾಗರ ಜಲಾಶಯವನ್ನು, ಹತ್ತಿ, ತೊಗರಿ, ಭತ್ತದ ಬೆಳೆಗಳನ್ನು ತಪ್ಪದೆ ಹೆಸರಿಸುತ್ತಾರೆ. ಆದರೆ ಮುರಿದ ಕೂರಿಗೆಯನ್ನು ಒಂದೇ ಹಗಲಿನಲ್ಲಿ ಹೊಂದಿಸಿ ಕೊಡಬಲ್ಲ ಬಡಿಗನು ಯಾವ ಓಣಿಯಲ್ಲಿದ್ದಾನೆ, ಸವೆದುಹೋದ ಪಂಪಿನ ಶಾಫ್ಟನ್ನು ಹೊಸದಾಗಿ ಕಡೆದು ಕೊಡುವ ಲೇತ್ ಯಂತ್ರವು ಯಾರ ಅಂಗಡಿಯಲ್ಲಿದೆ, ಕುಲುಮೆಯ ಬೆಂಕಿಯನ್ನು ಇನ್ನೂ ಆರಗೊಡದ ಕಮ್ಮಾರನು ಯಾವ ಹಳ್ಳಿಯವನು ಎಂಬ ವಿವರಗಳು ಯಾವ ಭೂಪಟದಲ್ಲಿಯೂ ಕಾಣಸಿಗುವುದಿಲ್ಲ. ಬಲ್ಲ ಕೈಯೂ ಒಂದು ಸಂಪತ್ತು. ಅದು ಎಲ್ಲಿದೆಯೆಂದು ತಿಳಿಯದಿದ್ದರೆ ಇದ್ದೂ ಇಲ್ಲದಂತೆ.

ಈ ಅಜ್ಞಾನದಿಂದ ಆಗುವ ಹಾನಿ ಸಣ್ಣದಲ್ಲ. ಬಿತ್ತನೆಯ ಹದವು ಕೆಲವೇ ದಿನಗಳದು. ಆ ದಿನಗಳಲ್ಲಿ ಕೂರಿಗೆಯೋ ಟ್ರ್ಯಾಕ್ಟರಿನ ಒಂದು ಭಾಗವೋ ಮುರಿದರೆ, ಪಕ್ಕದ ಊರಿನಲ್ಲಿಯೇ ಅದನ್ನು ಸರಿಪಡಿಸುವವನಿದ್ದರೂ ಅರಿಯದ ರೈತನು ಕಲಬುರಗಿಗೋ ಹೈದರಾಬಾದಿಗೋ ಎಡತಾಕುತ್ತಾನೆ. ಇತ್ತ ಕೆಲಸವಿಲ್ಲದ ಕುಶಲಕರ್ಮಿಯು ಅಂಗಡಿಗೆ ಬೀಗ ಹಾಕಿ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತಾನೆ. ಬೇಕೆನ್ನುವವನೂ ಕೊಡಬಲ್ಲವನೂ ಒಂದೇ ತಾಲ್ಲೂಕಿನಲ್ಲಿದ್ದು ಪರಸ್ಪರ ಕಾಣದೆ ಹೋಗುವುದು ಬಡತನದ ಒಂದು ಬಗೆ. ಈ ಬಡತನವನ್ನು ನೀಗಲು ಹಣಕ್ಕಿಂತ ಮೊದಲು ಬೇಕಾದುದು ಒಂದು ಪಟ್ಟಿ, ಒಂದು ನಕಾಶೆ. ಯಾರು, ಎಲ್ಲಿ, ಯಾವ ಉಪಕರಣದಿಂದ, ಏನನ್ನು ಮಾಡಬಲ್ಲರು ಎಂಬುದನ್ನು ದಾಖಲಿಸುವ ಈ ವಿದ್ಯೆಯು ಇಂದು ಜಗತ್ತಿನ ಅನೇಕ ಕಡೆಗಳಲ್ಲಿ ಬೆಳೆಯುತ್ತಲಿದೆ. ಅದರ ಸ್ವರೂಪವನ್ನೂ ರಚನಾಕ್ರಮವನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನಲ್ಲಿಯೇ ಅಡಗಿದ ನಕಾಶೆ

ಈ ವಿದ್ಯೆ ಹೊರಗಿನಿಂದ ಬಂದುದೆಂದು ಭಾವಿಸಬೇಕಾಗಿಲ್ಲ. 12ನೆಯ ಶತಮಾನದ ಶರಣರ ಹೆಸರುಗಳನ್ನು ಗಮನವಿಟ್ಟು ಓದಿದವರಿಗೆ ಒಂದು ವಿಶೇಷ ಹೊಳೆಯದೆ ಇರದು. ಸೂಜಿಕಾಯಕದ ರಾಮಿತಂದೆ, ಬಾಚಿಕಾಯಕದ ಬಸವಯ್ಯ, ಕದಿರ ರೆಮ್ಮವ್ವೆ, ಕನ್ನಡಿಕಾಯಕದ ಅಮ್ಮಿದೇವಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಕೊಟ್ಟಣದ ಸೋಮಮ್ಮ. ಇಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಕುಲವಾಗಲಿ ಬಿರುದಾಗಲಿ ಬಂದಿಲ್ಲ. ಕಾಯಕ ಬಂದಿದೆ. ಕೆಲವು ಹೆಸರುಗಳಲ್ಲಿ ಕಾಯಕದ ಉಪಕರಣವೇ ಬಂದು ನಿಂತಿದೆ. ಸೂಜಿಯು ದರ್ಜಿಯ ಉಪಕರಣ, ಬಾಚಿಯು ಬಡಿಗನ ಉಪಕರಣ, ಕದಿರು ನೂಲುವವಳ ಉಪಕರಣ. ಮನುಷ್ಯ ಮತ್ತು ಉಪಕರಣ ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿ ಹೇಳುವ ಈ ಕ್ರಮವು ನಕಾಶೆಗೆ ಬೇಕಾದ ಮೊದಲನೆಯ ನಮೂದೇ ಆಗಿದೆ. ಅನುಭವ ಮಂಟಪದಲ್ಲಿ ನೆರೆದವರ ಹೆಸರುಗಳನ್ನು ಸಾಲಾಗಿ ಬರೆದರೆ ಅದು ಭಕ್ತರ ಪಟ್ಟಿಯಾಗುವಂತೆ ಆ ಕಾಲದ ಕಸುಬುಗಳ ಪಟ್ಟಿಯೂ ಆಗುತ್ತದೆ.

ಸಗರನಾಡಿಗೆ ಈ ಪರಂಪರೆಯಲ್ಲಿ ಹಿರಿಯ ಸ್ಥಾನವುಂಟು. ಬಸವಣ್ಣನವರಿಗಿಂತ ಮೊದಲೇ ಬಾಳಿದ ಆದ್ಯ ವಚನಕಾರ ದೇವರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಆತನು ನೇಕಾರ. ಜೇಡರ ದಾಸಿಮಯ್ಯ ಎಂಬ ಹೆಸರೇ ಮಗ್ಗವನ್ನು ಸೂಚಿಸುತ್ತದೆ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಸ್ಥಳ. ಪತಿಯು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆ ಸರ್ವವಿದಿತ. ಕಾಯಕದಿಂದ ಬಂದುದರಲ್ಲಿ ತನಗೆ ಬೇಕಾದುದನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಸಮಾಜಕ್ಕೆ ಒಪ್ಪಿಸುವುದು ದಾಸೋಹ. ದಿನದಲ್ಲಿ ಎರಡೇ ಗಂಟೆ ತಿರುಗಿ ಉಳಿದ ಹೊತ್ತು ಧೂಳು ಹಿಡಿಯುವ ಯಂತ್ರವೂ ಒಂದು ಬಗೆಯ ಹೆಚ್ಚಿನ ಅಕ್ಕಿಯೇ. ಅದರ ಬಿಡುವಿನ ಹೊತ್ತು ಇನ್ನೊಬ್ಬರ ಉಪಯೋಗಕ್ಕೆ ಒದಗಬೇಕಾದರೆ ಅದು ಇದೆಯೆಂಬ ಸಂಗತಿ ಮೊದಲು ತಿಳಿದಿರಬೇಕು.

ಆಯಗಾರ ಪದ್ಧತಿಯೂ ಅದರ ಮಿತಿಯೂ

ಹಿಂದಿನ ಹಳ್ಳಿಗಳಲ್ಲಿ ಇಂಥ ನಕಾಶೆಯ ಅವಶ್ಯಕತೆ ಇರಲಿಲ್ಲ. ಕಮ್ಮಾರ, ಬಡಿಗ, ಕುಂಬಾರ ಮೊದಲಾದ ಆಯಗಾರರು ವರ್ಷವಿಡೀ ಒಕ್ಕಲು ಮನೆಗಳ ಕೆಲಸವನ್ನು ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದರು. ಯಾರ ಮನೆಯ ರೆಂಟೆಯನ್ನು ಯಾರು ತಿದ್ದಬೇಕೆಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಊರಿನ ನೆನಪೇ ನಕಾಶೆಯಾಗಿತ್ತು. ಕಾರ್ಖಾನೆಯ ಸಾಮಾನು ಸಂತೆಗೆ ಬಂದು, ಕಾಳಿನ ಆಯದ ಸ್ಥಾನದಲ್ಲಿ ರೊಕ್ಕದ ವ್ಯವಹಾರ ಬೆಳೆದು, ಕಸುಬಿನ ಮನೆಗಳ ತರುಣರು ಪಟ್ಟಣ ಸೇರಿದ ಮೇಲೆ ಆ ನೆನಪು ಹರಿದುಹೋಯಿತು.

ಆದರೆ ಹರಿದುಹೋದುದೆಲ್ಲವೂ ಒಳ್ಳೆಯದಾಗಿತ್ತೆಂದು ಹೇಳಲಾಗದು. ಆಯಗಾರ ಪದ್ಧತಿಯು ಕಸುಬನ್ನು ಹುಟ್ಟಿಗೆ ಕಟ್ಟಿಹಾಕಿತ್ತು. ಕಮ್ಮಾರನ ಮಗನು ಕಮ್ಮಾರನೇ ಆಗಬೇಕಿತ್ತು. ಕಬ್ಬಿಣದ ಕೆಲಸದಲ್ಲಿ ಆಸಕ್ತಿಯುಳ್ಳ ಬೇರೆ ಮನೆಯ ಹುಡುಗನಿಗೆ ಕುಲುಮೆಯ ಬಳಿ ಸ್ಥಳವಿರಲಿಲ್ಲ. ಶರಣರು ಕಾಯಕದಲ್ಲಿ ಮೇಲು ಕೀಳುಗಳನ್ನು ನಿರಾಕರಿಸಿದ್ದು ಇಂಥ ಕಟ್ಟನ್ನು ಬಿಡಿಸುವ ಹಂಬಲದಿಂದಲೇ. ಆದುದರಿಂದ ಇಂದಿನ ಕಾಯಕದ ನಕಾಶೆಯು ಹಳೆಯ ಆಯಗಾರ ಪಟ್ಟಿಯ ಪುನರುದ್ಧಾರವಾಗಕೂಡದು. ಅದರಲ್ಲಿ ಬರೆಯತಕ್ಕದ್ದು ಮನುಷ್ಯನು ಏನನ್ನು ಬಲ್ಲ ಎಂಬುದನ್ನೇ ಹೊರತು ಯಾವ ಮನೆಯಲ್ಲಿ ಹುಟ್ಟಿದ ಎಂಬುದನ್ನಲ್ಲ.

ಮೂರು ಊರುಗಳು

2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ಉದಯಿಸಿದಾಗ ಯಾದಗಿರಿ, ಶಹಾಪುರ, ಸುರಪುರಗಳೇ ಅದರ ಮೂರು ತಾಲ್ಲೂಕುಗಳಾಗಿದ್ದವು. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಅನಂತರ ರಚನೆಯಾದವು. ಮೂರು ಊರುಗಳಿಗೂ ಬೇರೆ ಬೇರೆ ಗುಣವುಂಟು. ಭೀಮೆಯ ಸಮೀಪದ ಯಾದಗಿರಿಯು ರೈಲುದಾರಿಯ ಊರು. ಮುಂಬಯಿ ಮತ್ತು ಚೆನ್ನೈಗಳನ್ನು ಜೋಡಿಸುವ ಹಾದಿಯಲ್ಲಿರುವುದರಿಂದ ಕಬ್ಬಿಣ, ಯಂತ್ರದ ಬಿಡಿಭಾಗಗಳು ಇಲ್ಲಿಗೆ ಸುಲಭವಾಗಿ ತಲುಪಬಲ್ಲವು. ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಶಹಾಪುರವು ಸುತ್ತಣ ಹೊಲಗಳ ವ್ಯಾಪಾರದ ಊರು. ಸುರಪುರವು ನಾಯಕ ಅರಸರ ರಾಜಧಾನಿ. ಒಂದು ಊರಿನಲ್ಲಿ ಇಲ್ಲದುದು ಇನ್ನೊಂದರಲ್ಲಿ ಇರುವ ಸಂಭವವೇ ಹೆಚ್ಚು. ಆದಕಾರಣ ಮೂರನ್ನೂ ಕೂಡಿಸಿ ಒಂದೇ ನಕಾಶೆ ರಚಿಸುವುದು ಲೇಸು.

ಬರೆದಿಟ್ಟುದರ ಬೆಲೆಯೇನು ಎಂಬುದಕ್ಕೆ ಸುರಪುರದ ಇತಿಹಾಸದಲ್ಲಿಯೇ ಎರಡು ಪಾಠಗಳಿವೆ. 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನು ಈ ಸೀಮೆಯ ಶಿಲಾಯುಗೋತ್ತರ ಕಲ್ಲುಗೋರಿಗಳನ್ನು ಊರೂರು ಸುತ್ತಿ ಗುರುತಿಸಿ, ಎಲ್ಲೆಲ್ಲಿ ಎಂಥವು ಇವೆಯೆಂದು ಟಿಪ್ಪಣಿ ಮಾಡಿ 1850ರ ದಶಕದಲ್ಲಿ ಪ್ರಕಟಿಸಿದನು. ರಾಜನಕೋಳೂರಿನ ಕಲ್ಮನೆಗಳು ವಿದ್ವಾಂಸರಿಗೆ ಪರಿಚಿತವಾಗುವಲ್ಲಿ ಇಂಥ ಬರಹಗಳ ಪಾತ್ರ ದೊಡ್ಡದು. ಒಬ್ಬನು ಶ್ರದ್ಧೆಯಿಂದ ಬರೆದಿಟ್ಟ ಪಟ್ಟಿಯು ನೂರೈವತ್ತು ವರ್ಷಗಳಾಚೆಗೂ ಕೆಲಸಕ್ಕೆ ಬರುತ್ತದೆ. ಎರಡನೆಯ ಪಾಠ ಕಲೆಯದು. ಸುರಪುರದ ಅರಸರ ಆಶ್ರಯದಲ್ಲಿ ಬಂಗಾರದ ಲೇಪನವುಳ್ಳ ಸೂಕ್ಷ್ಮ ಚಿತ್ರಗಳ ಒಂದು ಸಂಪ್ರದಾಯ ಬೆಳೆದಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯದೊಂದಿಗೆ ಆ ಆಶ್ರಯವೂ ಅಳಿಯಿತು. ಚಿತ್ರಗಳು ಉಳಿದವು. ಆದರೆ ಕುಂಚವನ್ನು ಹೇಗೆ ಕಟ್ಟುತ್ತಿದ್ದರು, ಬಣ್ಣವನ್ನು ಹೇಗೆ ಅರೆಯುತ್ತಿದ್ದರು ಎಂಬ ಕೈಯ ಅರಿವು ಚಿತ್ರದೊಳಗಿಂದ ಮಾತಾಡಲಾರದು. ಕೃತಿ ಉಳಿದರೆ ಸಾಲದು, ಕೃತಿಕಾರನ ಕ್ರಮವೂ ಉಪಕರಣವೂ ದಾಖಲಾಗಬೇಕು.

ಮುಕ್ತ ವಿನ್ಯಾಸವೆಂದರೇನು?

ಕಳೆದ ಕೆಲವು ದಶಕಗಳಲ್ಲಿ ಸಣ್ಣ ಪ್ರಮಾಣದ ಉತ್ಪಾದನೆಯಲ್ಲಿ ಮುಕ್ತ ವಿನ್ಯಾಸವೆಂಬ ಹೊಸ ಮಾರ್ಗವೊಂದು ತೆರೆದಿದೆ. ಒಂದು ವಸ್ತುವಿನ ಚಿತ್ರ, ಅಳತೆ, ಬೇಕಾದ ಸಾಮಗ್ರಿಗಳ ಪಟ್ಟಿ, ಜೋಡಿಸುವ ಕ್ರಮ ಇವೆಲ್ಲವನ್ನೂ ಗುಟ್ಟಾಗಿಡದೆ ಎಲ್ಲರಿಗೂ ಬಿಟ್ಟುಕೊಡುವುದೇ ಅದರ ಮೂಲತತ್ತ್ವ. ಬೇಕಾದವರು ಅದನ್ನು ಮಾಡಿಕೊಳ್ಳಬಹುದು, ತಿದ್ದಬಹುದು, ಮಾರಲೂಬಹುದು. ಮೊದಲು ರಚಿಸಿದವನ ಹೆಸರನ್ನು ಅಳಿಸಬಾರದು, ತಿದ್ದಿದುದನ್ನು ಮತ್ತೆ ಎಲ್ಲರಿಗೂ ತಿಳಿಸಬೇಕು ಎಂಬ ಕಟ್ಟಳೆಗಳನ್ನು ಅನೇಕರು ಇಟ್ಟುಕೊಂಡಿರುತ್ತಾರೆ. ಇದನ್ನು ಅರಿವಿನ ದಾಸೋಹವೆಂದರೆ ಅತಿಶಯೋಕ್ತಿಯಾಗಲಾರದು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಎಂಬ ಅಧ್ಯಾಪಕರು ಆರಂಭಿಸಿದ ರೆಪ್‌ರ್ಯಾಪ್ ಯೋಜನೆಯು ತನ್ನ ಭಾಗಗಳಲ್ಲಿ ಹಲವನ್ನು ತಾನೇ ಮಾಡಿಕೊಳ್ಳಬಲ್ಲ ತ್ರೀ-ಡಿ ಪ್ರಿಂಟರ್ ಯಂತ್ರದ ವಿನ್ಯಾಸವನ್ನು ಹೀಗೆ ಬಿಟ್ಟುಕೊಟ್ಟಿತು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರವಿಟ್ಟು ವಸ್ತುವನ್ನು ರೂಪಿಸುವ ಆ ಬಗೆಯ ಯಂತ್ರಗಳು ಅಲ್ಲಿಂದ ಮುಂದೆ ಸಾಮಾನ್ಯರ ಕೈಗೆ ನಿಲುಕತೊಡಗಿದವು.

ಆದರೆ ವಿನ್ಯಾಸವು ಕಾಗದದ ಮೇಲಿನ ಅರಿವು ಮಾತ್ರ. ಅದು ವಸ್ತುವಾಗಬೇಕಾದರೆ ಯಂತ್ರವೂ ಯಂತ್ರವನ್ನು ಬಲ್ಲ ಕೈಯೂ ಹತ್ತಿರದಲ್ಲಿರಬೇಕು. ಈ ಸತ್ಯವನ್ನು ಮನಗಂಡು ಇಂಟರ್‌ನೆಟ್ ಆಫ್ ಪ್ರೊಡಕ್ಷನ್ ಅಲೈಯನ್ಸ್ ಎಂಬ ಅಂತರರಾಷ್ಟ್ರೀಯ ಸಂಘಟನೆಯು ಎರಡು ದಾಖಲಾತಿ ಮಾದರಿಗಳನ್ನು ರೂಪಿಸಿದೆ. ಓಪನ್ ನೋ-ಹೌ ಎಂಬುದು ವಸ್ತುವನ್ನು ಹೇಗೆ ಮಾಡಬೇಕೆಂಬುದರ ದಾಖಲೆ. ಓಪನ್ ನೋ-ವೇರ್ ಎಂಬುದು ಅದನ್ನು ಎಲ್ಲಿ, ಯಾರು, ಯಾವ ಯಂತ್ರದಿಂದ ಮಾಡಬಲ್ಲರೆಂಬುದರ ದಾಖಲೆ. ಒಂದು ಬೀಜವಾದರೆ ಇನ್ನೊಂದು ಹೊಲ.

ಕೆಲವು ನಿದರ್ಶನಗಳು

ನಕಾಶೆಯೊಂದು ಎಂಥ ಉಪಕಾರವನ್ನು ಮಾಡಬಲ್ಲದೆಂಬುದಕ್ಕೆ ಉತ್ತಮ ನಿದರ್ಶನವು ಕೃತಕ ಕೈಗಳ ಚಳವಳಿಯಿಂದ ದೊರೆಯುತ್ತದೆ. ದಕ್ಷಿಣ ಆಫ್ರಿಕದ ರಿಚರ್ಡ್ ವಾನ್ ಆಸ್ ಎಂಬ ಬಡಿಗನು 2011ರಲ್ಲಿ ಗರಗಸದ ಅಪಘಾತದಲ್ಲಿ ಬೆರಳುಗಳನ್ನು ಕಳೆದುಕೊಂಡನು. ಅಮೆರಿಕದ ಐವನ್ ಓವನ್ ಎಂಬವನೊಂದಿಗೆ ಸಮುದ್ರದಾಚೆಯಿಂದಲೇ ವಿಚಾರ ವಿನಿಮಯ ಮಾಡಿ ಇಬ್ಬರೂ ಯಾಂತ್ರಿಕ ಬೆರಳು, ಮುಂದೆ ಮಗುವೊಂದಕ್ಕೆ ಕೈ ರೂಪಿಸಿ, 2013ರಲ್ಲಿ ಆ ವಿನ್ಯಾಸವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ಅಮೆರಿಕದ ರಾಚೆಸ್ಟರಿನ ಜಾನ್ ಶಲ್ ಎಂಬ ವಿದ್ವಾಂಸರು ಗಣಕಯಂತ್ರದಲ್ಲಿ ಒಂದು ಭೂಪಟವನ್ನು ತೆರೆದರು. ತ್ರೀ-ಡಿ ಪ್ರಿಂಟರ್ ಇದ್ದು ಕೈ ಮಾಡಿಕೊಡಲು ಸಿದ್ಧರಿರುವವರು ಅದರಲ್ಲಿ ತಮ್ಮ ಸ್ಥಳವನ್ನು ಗುರುತಿಸಬೇಕು, ಕೈ ಬೇಕಾದವರೂ ಗುರುತಿಸಬೇಕು ಎಂಬುದಷ್ಟೇ ಅವರ ಕೋರಿಕೆ. ಇ-ನೇಬಲ್ ಎಂದು ಹೆಸರಾದ ಈ ಬಳಗದಲ್ಲಿ ಇಂದು ಅನೇಕ ದೇಶಗಳ ಸಾವಿರಾರು ಸ್ವಯಂಸೇವಕರಿದ್ದಾರೆ. ವಿನ್ಯಾಸವು ಒಬ್ಬ ಬಡಿಗನ ಸಂಕಟದಿಂದ ಹುಟ್ಟಿತು, ಹರಡಿದುದು ಒಂದು ನಕಾಶೆಯಿಂದ.

ಭಾರತದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಕಾರಣ ಸಾರಿಗೆಯೆಲ್ಲ ನಿಂತಾಗ ವೈದ್ಯರಿಗೆ ಮುಖಕವಚಗಳ ಅಭಾವವುಂಟಾಯಿತು. ಮುಂಬಯಿಯ ಮೇಕರ್ಸ್ ಅಸೈಲಂ ಎಂಬ ಕಾರ್ಯಾಗಾರದವರು ಎಂ-19 ಎಂಬ ಸರಳ ವಿನ್ಯಾಸವನ್ನು ಮುಕ್ತವಾಗಿ ಹಂಚಿ, ಯಾವ ಊರಿನಲ್ಲಿ ಯಾರ ಬಳಿ ಯಂತ್ರವಿದೆಯೆಂಬುದನ್ನು ಕಂಡುಕೊಂಡು ಅಲ್ಲಲ್ಲಿಯೇ ತಯಾರಿಕೆ ನಡೆಸಿದರು. 49 ದಿನಗಳಲ್ಲಿ 42 ಊರುಗಳಿಂದ 10 ಲಕ್ಷ ಕವಚಗಳು ಸಿದ್ಧವಾದವು. ದೊಡ್ಡ ಕಾರ್ಖಾನೆಯೊಂದರಿಂದ ಲಾರಿಗಳಲ್ಲಿ ತರಿಸುವುದಕ್ಕೆ ಬದಲು ಸಣ್ಣ ಅಂಗಡಿಗಳು ನೆರೆಯ ಆಸ್ಪತ್ರೆಗೆ ತಲುಪಿಸಿದವು.

ಹಳ್ಳಿಯ ಶಾಲೆಯೊಂದು ಏನು ಮಾಡಬಲ್ಲದೆಂಬುದಕ್ಕೆ ಪುಣೆ ಜಿಲ್ಲೆಯ ಪಾಬಳ ಗ್ರಾಮವನ್ನು ನೋಡಬೇಕು. ಡಾ. ಶ್ರೀನಾಥ ಕಲಬಾಗ ಎಂಬ ವಿಜ್ಞಾನಿಗಳು 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಕೈಯಿಂದ ಮಾಡುತ್ತಲೇ ಕಲಿಯುವುದು ಅಲ್ಲಿನ ಪದ್ಧತಿ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ನೀಲ್ ಗರ್ಶನ್‌ಫೆಲ್ಡ್ ಅವರು ಫ್ಯಾಬ್ ಲ್ಯಾಬ್ ಎಂಬ ಸಾರ್ವಜನಿಕ ಯಂತ್ರಾಗಾರಗಳ ಕಲ್ಪನೆಯನ್ನು ಹರಡಲು ಹೊರಟಾಗ, ಎಂ.ಐ.ಟಿ.ಯ ಹೊರಗೆ ಮೊದಮೊದಲಿಗೆ ಸ್ಥಾಪಿತವಾದವುಗಳಲ್ಲಿ 2002ರ ಪಾಬಳದ ಯಂತ್ರಾಗಾರವೂ ಒಂದು. ಮಹಾನಗರಕ್ಕಿಂತ ಮುಂಚೆ ಹಳ್ಳಿಗೆ ಅದು ಬಂದುದಕ್ಕೆ ಕಾರಣ, ಅಲ್ಲಿ ಕಟ್ಟಡಕ್ಕಿಂತ ಮೊದಲೇ ಕೆಲಸ ಬಲ್ಲ ಕೈಗಳಿದ್ದವು.

ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತಾ ಅವರು 1980ರ ದಶಕದ ಕೊನೆಯಲ್ಲಿ ಆರಂಭಿಸಿದ ಹನಿ ಬೀ ಬಳಗವು ಇನ್ನೊಂದು ನಿದರ್ಶನ. ಅವರೂ ಸಂಗಡಿಗರೂ ಶೋಧಯಾತ್ರೆಯೆಂಬ ಹೆಸರಿನಲ್ಲಿ ಹಳ್ಳಿಹಳ್ಳಿಗಳನ್ನು ಕಾಲ್ನಡಿಗೆಯಿಂದ ಸುತ್ತಿ, ರೈತರೂ ಕುಶಲಕರ್ಮಿಗಳೂ ತಾವೇ ಕಂಡುಹಿಡಿದ ಸಾಧನಗಳನ್ನು ದಾಖಲಿಸಿದ್ದಾರೆ. ಹೂವಿಗೆ ನೋವಾಗದಂತೆ ಜೇನು ಮಕರಂದವನ್ನು ಒಯ್ಯುವಂತೆ, ಹೇಳಿದವನಿಗೆ ನಷ್ಟವಾಗದಂತೆ ಅರಿವನ್ನು ಸಂಗ್ರಹಿಸಬೇಕೆಂಬುದು ಅವರ ನಿಯಮ. ಹೇಳಿದವನ ಹೆಸರನ್ನು ಮರೆಸದಿರುವುದು, ಅವನ ಒಪ್ಪಿಗೆಯನ್ನು ಪಡೆಯುವುದು, ಸಂಗ್ರಹಿಸಿದುದನ್ನು ಅವನ ಭಾಷೆಯಲ್ಲಿಯೇ ಅವನಿಗೆ ಹಿಂದಿರುಗಿಸುವುದು ಈ ನಿಯಮದ ಅಂಗಗಳು.

ಸರಕಾರದ ಲೆಕ್ಕಗಳು

ಸರಕಾರವು ಇಂಥ ಲೆಕ್ಕಗಳನ್ನು ಮಾಡಿಲ್ಲವೇ ಎಂಬ ಪ್ರಶ್ನೆ ಸಹಜ. 1961ರ ಜನಗಣತಿಯ ಅಂಗವಾಗಿ ದೇಶದ ಅನೇಕ ಕರಕುಶಲ ಕಸುಬುಗಳ ಅಧ್ಯಯನ ನಡೆಯಿತು. 1977ರಲ್ಲಿ ಮೊದಲನೆಯ ಆರ್ಥಿಕ ಗಣತಿಯೂ ನಡೆಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಬಡಿಗ, ಕಮ್ಮಾರ, ಕುಂಬಾರ, ದರ್ಜಿ, ಬುಟ್ಟಿ ಹೆಣೆಯುವವರು ಮೊದಲಾದ 18 ಕಸುಬುಗಳವರನ್ನು ನೋಂದಾಯಿಸಿ, ಉಪಕರಣಗಳಿಗಾಗಿ 15 ಸಾವಿರ ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿತು. ಇವೆಲ್ಲ ಉಪಯುಕ್ತವೇ. ಆದರೆ ಗಣತಿಯು ಎಷ್ಟು ಮಂದಿ ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ನೋಂದಣಿಯು ನೆರವು ಪಡೆಯುವವರ ಪಟ್ಟಿಯಾಗಿರುತ್ತದೆ, ನೆರವು ಕೊಡಬಲ್ಲವರ ಪಟ್ಟಿಯಾಗಿರುವುದಿಲ್ಲ. ಮುರಿದ ಶಾಫ್ಟನ್ನು ಕೈಯಲ್ಲಿ ಹಿಡಿದು ನಿಂತ ರೈತನಿಗೆ ಬೇಕಾದುದು ಅಂಕಿಯಲ್ಲ, ವಿಳಾಸ.

ನಕಾಶೆಯನ್ನು ರಚಿಸುವ ಕ್ರಮ

ಇಂಥ ನಕಾಶೆಗೆ ದುಬಾರಿ ಸಾಧನಗಳು ಬೇಕಿಲ್ಲ. ಗೆರೆ ಎಳೆದ ಒಂದು ವಹಿ, ಅಳತೆಪಟ್ಟಿ, ಊರಿನ ಒಂದು ರೇಖಾಚಿತ್ರ ಇವು ಆರಂಭಕ್ಕೆ ಸಾಕು. ಒಂದೊಂದು ಓಣಿಗೆ ಇಬ್ಬರು ವಿದ್ಯಾರ್ಥಿಗಳಂತೆ, ಹಿರಿಯರೊಬ್ಬರ ಜೊತೆಗೆ ಹೋಗಿ, ಕೆಲಸದ ಹೊತ್ತಿಗೆ ಅಡ್ಡಿಯಾಗದಂತೆ ವಿಚಾರಿಸಿ ಬರೆಯತಕ್ಕದ್ದು. ಪ್ರತಿಯೊಂದು ನಮೂದಿನಲ್ಲಿ ಈ ಏಳು ಅಂಶಗಳಿರಬೇಕು.

1. ಹೆಸರು ಮತ್ತು ಸ್ಥಳ: ಅಂಗಡಿಯ ಹೆಸರು, ಓಣಿ, ಹತ್ತಿರದ ಗುರುತು.

2. ಬಲ್ಲ ಕೆಲಸ: ವೆಲ್ಡಿಂಗ್ ಎಂದಷ್ಟೇ ಬರೆದರೆ ಸಾಲದು. ಕಬ್ಬಿಣವನ್ನು ಬೆಸೆಯಬಲ್ಲವರೆಲ್ಲರೂ ಅಲ್ಯೂಮಿನಿಯಮನ್ನು ಬೆಸೆಯಬಲ್ಲವರಾಗಿರುವುದಿಲ್ಲ.

3. ಉಪಕರಣ ಮತ್ತು ಅದರ ಅಳತೆ: ಎರಡು ಮೊನೆಗಳ ನಡುವೆ ನಾಲ್ಕು ಅಡಿ ಇರುವ ಲೇತ್ ಯಂತ್ರದಲ್ಲಿ ಆ ಮೊನೆಗಳ ನಡುವೆ ಆರಡಿಯ ಶಾಫ್ಟನ್ನು ನಿಲ್ಲಿಸಲಾಗದು. ಅಳತೆಯಿಲ್ಲದ ನಮೂದು ದಾರಿ ತಪ್ಪಿಸುತ್ತದೆ.

4. ಸ್ಥಿತಿ: ನಡೆಯುತ್ತಿದೆಯೆ, ಕೆಟ್ಟಿದೆಯೆ, ಕೆಟ್ಟಿದ್ದರೆ ಯಾವ ಭಾಗದ ಕೊರತೆಯಿಂದ? ಒಬ್ಬರ ಕೆಟ್ಟ ಯಂತ್ರಕ್ಕೆ ಬೇಕಾದ ಭಾಗವನ್ನು ಇನ್ನೊಬ್ಬರು ಮಾಡಿಕೊಡಬಲ್ಲರೆಂಬುದು ಇಲ್ಲಿಯೇ ಹೊರಬೀಳುತ್ತದೆ.

5. ಕೊಡುವ ರೀತಿ: ಕೂಲಿಗೆ ಮಾಡಿಕೊಡುವರೆ, ಬಿಡುವಿನಲ್ಲಿ ಬೇರೆಯವರಿಗೆ ಬಳಸಗೊಡುವರೆ, ಕಲಿಯಬಯಸುವವರಿಗೆ ಕಲಿಸುವರೆ?

6. ಒಪ್ಪಿಗೆ: ಯಾವ ವಿವರವನ್ನು ಎಲ್ಲರಿಗೂ ತಿಳಿಸಬಹುದು, ಯಾವುದನ್ನು ತಿಳಿಸಬಾರದು ಎಂಬುದು ಅವರದೇ ನಿರ್ಣಯ.

7. ತಾರೀಖು: ವಿಚಾರಿಸಿದ ದಿನ ಮತ್ತು ವಿಚಾರಿಸಿದವರ ಹೆಸರು.

ಜಾತಿಯ ಕಲಮು ಈ ವಹಿಯಲ್ಲಿ ಇರಕೂಡದು. ಕಾರಣವನ್ನು ಮೇಲೆಯೇ ಹೇಳಲಾಗಿದೆ. ಇನ್ನು ಮನೆಯೊಳಗಿನ ಕಾಯಕವನ್ನು ಮರೆಯುವ ಅಪಾಯವುಂಟು. ರಸ್ತೆಗೆ ಫಲಕವಿಲ್ಲವೆಂದ ಮಾತ್ರಕ್ಕೆ ಹೊಲಿಗೆಯಂತ್ರವನ್ನು ನಡೆಸುವ, ಕೌದಿ ಹೊಲಿಯುವ, ಬುಟ್ಟಿ ಹೆಣೆಯುವ ತಾಯಂದಿರ ಕೈಗಳು ಪಟ್ಟಿಯಿಂದ ಹೊರಗುಳಿಯಬಾರದು. ಕದಿರ ರೆಮ್ಮವ್ವೆಯ ಹೆಸರು ಉಳಿದಿರುವುದು ಆ ಕಾಲದವರು ಅವಳನ್ನು ಎಣಿಕೆಗೆ ತಂದುದರಿಂದಲೇ.

ಸಂಗ್ರಹಿಸಿದುದನ್ನು ಭೂಪಟದ ಮೇಲೆ ಗುರುತಿಸಲು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟವು ಒದಗುತ್ತದೆ. ಅದರಲ್ಲಿ ಕಮ್ಮಾರಸಾಲೆ, ಬಡಿಗನ ಅಂಗಡಿಗಳಿಗೆ ಪ್ರತ್ಯೇಕ ಗುರುತುಗಳೇ ಇವೆ. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು. ಆದರೆ ಅಂಗಡಿಯ ಸ್ಥಳವನ್ನು ಲೋಕಕ್ಕೆ ತಿಳಿಸುವುದು ಬೇರೆ, ಮನುಷ್ಯನ ಖಾಸಗಿ ವಿವರಗಳನ್ನು ಬಿತ್ತರಿಸುವುದು ಬೇರೆ. ಎರಡನೆಯದು ಶಾಲೆಯ ವಹಿಯಲ್ಲಿಯೇ ಇದ್ದು, ಕೇಳಿ ಬಂದವರಿಗೆ ಒಪ್ಪಿಗೆಯಂತೆ ಒದಗಲಿ.

ಎಚ್ಚರಿಕೆಗಳು

ನಕಾಶೆ ಯಾರದಾಗಿರಬೇಕು ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. 2013ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ತ್ರೀ-ಡಿ ಹಬ್ಸ್ ಎಂಬ ಸಂಸ್ಥೆಯು ಮನೆಗಳಲ್ಲಿಯೂ ಸಣ್ಣ ಅಂಗಡಿಗಳಲ್ಲಿಯೂ ಇದ್ದ ತ್ರೀ-ಡಿ ಪ್ರಿಂಟರ್‌ಗಳನ್ನು ಭೂಪಟದಲ್ಲಿ ಜೋಡಿಸಿ, ಬೇಕಾದವರಿಗೆ ಹತ್ತಿರದ ಯಂತ್ರವನ್ನು ತೋರಿಸುತ್ತಿತ್ತು. ಸಾವಿರಾರು ಜನ ಅದರಲ್ಲಿ ಸೇರಿದರು. 2018ರಲ್ಲಿ ಸಂಸ್ಥೆಯು ತನ್ನ ಧೋರಣೆಯನ್ನು ಬದಲಿಸಿ ದೊಡ್ಡ ಉತ್ಪಾದಕರ ಕಡೆಗೆ ತಿರುಗಿತು. 2021ರಲ್ಲಿ ಇನ್ನೊಂದು ಕಂಪನಿಯ ಸ್ವತ್ತಾಯಿತು. ಸಣ್ಣವರ ಯಂತ್ರಗಳು ಇದ್ದಲ್ಲಿಯೇ ಇದ್ದವು, ಅವರನ್ನು ಹುಡುಕುವ ದಾರಿ ಮುಚ್ಚಿತು. ವ್ಯಾಪಾರಿಯು ತನ್ನ ವ್ಯಾಪಾರವನ್ನು ಬದಲಿಸಿದುದು ಅಪರಾಧವಲ್ಲ. ಆದರೆ ನಕಾಶೆಯಲ್ಲಿರುವವರೇ ನಕಾಶೆಯ ಒಡೆಯರಾಗದಿದ್ದರೆ ಹೀಗಾಗುವುದು ಸಹಜ. ಆದುದರಿಂದ ವಹಿಯ ಒಂದೊಂದು ಪ್ರತಿ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ, ಅದರಲ್ಲಿ ಹೆಸರಿರುವವರ ಕೈಗೆ ಸಿಗುವಂತೆ ಇರಬೇಕು.

ಎರಡನೆಯದು ಭಯ. ಹೊರಗಿನವರು ಬಂದು ಯಂತ್ರಗಳನ್ನು ಎಣಿಸಿದರೆ ತೆರಿಗೆಗಾಗಿಯೋ ಜಪ್ತಿಗಾಗಿಯೋ ಎಂದು ಅಂಗಡಿಕಾರನು ಅಂಜುವುದುಂಟು. ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಉದ್ದೇಶವನ್ನು ಮೊದಲೇ ವಿವರಿಸಬೇಕು. ಬೇಡವೆಂದವರ ಹೆಸರನ್ನು ಬರೆಯಬಾರದು. ಒಬ್ಬರಿಗೆ ಆ ಪಟ್ಟಿಯಿಂದ ಕೆಲಸ ದೊರೆತರೆ ಬೇಡವೆಂದವರು ತಾವಾಗಿಯೇ ಬರುತ್ತಾರೆ.

ಮೂರನೆಯದು ಮುಪ್ಪು. ಕೈಗಳು ವಲಸೆ ಹೋಗುತ್ತವೆ, ಯಂತ್ರಗಳು ಮಾರಾಟವಾಗುತ್ತವೆ, ಹಿರಿಯರು ಕಾಲವಾಗುತ್ತಾರೆ. ಬೆಟ್ಟ ನದಿಗಳ ಭೂಪಟವು ನೂರು ವರ್ಷ ಬಾಳೀತು. ಕಾಯಕದ ನಕಾಶೆಯು ವರ್ಷಕ್ಕೊಮ್ಮೆ ತಿದ್ದದಿದ್ದರೆ ಸುಳ್ಳಾಗುತ್ತದೆ. ಒಮ್ಮೆ ಸುಳ್ಳು ವಿಳಾಸಕ್ಕೆ ಹೋಗಿ ಬಂದ ರೈತನು ಮತ್ತೆ ಆ ವಹಿಯನ್ನು ನಂಬಲಾರನು. ಆದುದರಿಂದ ಹೊಸದಾಗಿ ಬರೆಯುವುದಕ್ಕಿಂತ ಬರೆದುದನ್ನು ಕಾಯುವುದೇ ಹೆಚ್ಚಿನ ಕೆಲಸ. ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳು ಬರುವ ಶಾಲೆಯು ಈ ಕೆಲಸಕ್ಕೆ ತಕ್ಕ ಸ್ಥಾನ. ಹಿಂದಿನ ತರಗತಿಯವರು ಬರೆದುದನ್ನು ಮುಂದಿನವರು ಪರೀಕ್ಷಿಸುತ್ತ ಹೋದರೆ ವಹಿಯೂ ಬಾಳುತ್ತದೆ, ಮಕ್ಕಳೂ ತಮ್ಮ ಊರನ್ನು ಅರಿಯುತ್ತಾರೆ.

ಉಪಸಂಹಾರ

ಮಠಮಾನ್ಯಗಳು ಈ ನಾಡಿನಲ್ಲಿ ಅನ್ನ ಮತ್ತು ಅಕ್ಷರಗಳ ದಾಸೋಹವನ್ನು ನಡೆಸಿಕೊಂಡು ಬಂದಿವೆ. ದಾಸೋಹದ ಮನೆಯಲ್ಲಿ ಯಾರು ಹಸಿದು ಬಂದರೂ ಅನ್ನ ಎಲ್ಲಿದೆಯೆಂದು ಹೇಳುವವರಿರುತ್ತಾರೆ. ಹಾಗೆಯೇ ಯಾರಿಗೆ ಯಾವ ಕೈಯ ನೆರವು ಬೇಕಾದರೂ ಅದು ಎಲ್ಲಿದೆಯೆಂದು ಹೇಳುವ ಒಂದು ಮನೆ ಬೇಕು. ಹೊಸ ಯಂತ್ರಗಳು ಬರಲಿ, ಮುಕ್ತ ವಿನ್ಯಾಸಗಳು ಹರಡಲಿ. ಅವು ಫಲಿಸುವುದು ಇದ್ದುದನ್ನು ಅರಿತವರಲ್ಲಿ ಮಾತ್ರ. ಊರಿನಲ್ಲಿ ಏನಿಲ್ಲವೆಂಬ ಮಾತು ಬಹಳ ಕಾಲದಿಂದ ಕೇಳಿಬರುತ್ತಿದೆ. ಏನಿದೆ, ಯಾರಲ್ಲಿದೆ ಎಂದು ಕೇಳಿ ಬರೆಯುವ ಕೆಲಸ ಇನ್ನು ಆಗಬೇಕಾಗಿದೆ.

ಅಭ್ಯಾಸ

1. ನಿಮ್ಮ ಓಣಿಯಲ್ಲಿ ಕೈಯಿಂದ ವಸ್ತುಗಳನ್ನು ಮಾಡುವ ಅಥವಾ ದುರಸ್ತಿ ಮಾಡುವ ಐವರನ್ನು ಕಂಡು, ಅವರ ಒಪ್ಪಿಗೆ ಪಡೆದು, ಮೇಲಿನ ಏಳು ಅಂಶಗಳಂತೆ ನಮೂದಿಸಿರಿ.

2. ಹೆಸರಿನಲ್ಲಿ ಕಾಯಕ ಅಥವಾ ಉಪಕರಣವುಳ್ಳ ಹತ್ತು ಮಂದಿ ಶರಣ ಶರಣೆಯರನ್ನು ಗುರುತಿಸಿ, ಆ ಉಪಕರಣಗಳಲ್ಲಿ ಇಂದಿಗೂ ಬಳಕೆಯಲ್ಲಿರುವವು ಯಾವುವೆಂದು ಬರೆಯಿರಿ.

3. ನಿಮ್ಮ ಮನೆಯಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಉಪಕರಣ ಯಾವುದು? ಅದು ಯಾರಿಗೆ ಉಪಯೋಗವಾದೀತು? ಹಿರಿಯರನ್ನು ಕೇಳಿ ತಿಳಿದು ಬರೆಯಿರಿ.